ಸಂಜಯನಿಗೆ ಸಮಾಧಾನ ಹೇಳುವವರಾರು?

ರನ್ನನ 'ಗದಾಯುದ್ಧ'ವನ್ನು ಓದಿದವರ ಮನಸ್ಸಿನಲ್ಲಿ ಬಹುಕಾಲ ನಿಲ್ಲುವುದು ದುರ್ಯೋಧನನ ವಿಲಾಪ. ಹತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ರಚಿತವಾದ ಆ ಕಾವ್ಯದಲ್ಲಿ, ಎಲ್ಲವನ್ನೂ ಕಳೆದುಕೊಂಡ ಚಕ್ರವರ್ತಿ ಕುರುಕ್ಷೇತ್ರದ ಹೆಣಗಳ ನಡುವೆ ನಡೆದು ಬರುತ್ತಾನೆ. ಗುರು ದ್ರೋಣನನ್ನು ಕಾಣುತ್ತಾನೆ, ಮಗ ಲಕ್ಷಣಕುಮಾರನನ್ನು ಕಾಣುತ್ತಾನೆ, ತಮ್ಮ ದುಶ್ಶಾಸನನನ್ನೂ ಗೆಳೆಯ ಕರ್ಣನನ್ನೂ ಕಂಡು ಎದೆಯೊಡೆದು ಅಳುತ್ತಾನೆ. ನಮ್ಮ ವಿಮರ್ಶಕರು ಈ ಭಾಗವನ್ನು ಎಷ್ಟು ಹೊಗಳಿದ್ದಾರೋ ಲೆಕ್ಕವಿಲ್ಲ. ಪ್ರತಿನಾಯಕನನ್ನು ನಾಯಕನ ಎತ್ತರಕ್ಕೆ ಏರಿಸಿದ ಕೀರ್ತಿಯನ್ನು ರನ್ನನಿಗೆ ಸಲ್ಲಿಸಿದ್ದೂ ಇದಕ್ಕಾಗಿಯೇ.

ಆದರೆ ಆ ರಣಭೂಮಿಯಲ್ಲಿ ದುರ್ಯೋಧನನೊಬ್ಬನೇ ನಡೆಯುತ್ತಿರಲಿಲ್ಲ. ಅವನ ಜೊತೆಯಲ್ಲಿ ಸಂಜಯನಿದ್ದ. ದಾರಿ ತೋರಿಸಿದವನು ಅವನು. ಅರಸನು ಕುಸಿದಾಗ ಸಮಾಧಾನ ಹೇಳಿದವನು ಅವನು. ಅತ್ತ ಕಣ್ಣೀರು ಆರುವ ಮೊದಲೇ ಮುಂದಿನ ಹೆಣದ ಕಡೆಗೆ ಅವನನ್ನು ಕರೆದೊಯ್ಯಬೇಕಾದವನೂ ಅವನೇ. ದುರ್ಯೋಧನ ಕಂಡದ್ದನ್ನೆಲ್ಲ ಸಂಜಯನೂ ಕಂಡ. ಆ ಸತ್ತವರು ಅವನಿಗೇನು ಅಪರಿಚಿತರೇ? ಅದೇ ಅರಮನೆಯಲ್ಲಿ ಬೆಳೆದ ಮಕ್ಕಳನ್ನು ಅವನು ತೊಟ್ಟಿಲಿನಿಂದ ಬಲ್ಲವನು. ಹೀಗಿದ್ದೂ ಅವನ ಅಳಲಿಗೆ ಕಾವ್ಯದಲ್ಲಿ ಎಡೆಯಿಲ್ಲ. ಅವನ ಕೆಲಸ ಕೇಳುವುದು, ನೋಡುವುದು, ಸಂತೈಸುವುದು. ದುರ್ಯೋಧನನಿಗೆ ಸಂಜಯನಿದ್ದಾನೆ, ಸಂಜಯನಿಗೆ ಯಾರಿದ್ದಾರೆ?

ಈ ಪ್ರಶ್ನೆಯನ್ನು ರನ್ನನ ಮೇಲಿನ ಆಕ್ಷೇಪಣೆಯಾಗಿ ಎತ್ತುತ್ತಿಲ್ಲ. ಕವಿಗೆ ಬೇಕಾದದ್ದು ದುರ್ಯೋಧನನ ದುಃಖ. ಅದನ್ನು ಅವನು ಪೂರ್ಣವಾಗಿ ಕೊಟ್ಟಿದ್ದಾನೆ. ಆದರೆ ಸಾವಿರ ವರ್ಷಗಳ ನಂತರವೂ ನಮ್ಮ ಸಾಹಿತ್ಯದಲ್ಲಿ ಈ ಪ್ರಶ್ನೆ ಬಹುಮಟ್ಟಿಗೆ ಹಾಗೆಯೇ ಉಳಿದಿದೆ ಎಂಬುದು ಯೋಚಿಸತಕ್ಕ ಸಂಗತಿ. ಏಕೆಂದರೆ ಇಂದು ನಮ್ಮ ನಡುವೆ ಸಂಜಯನ ಕೆಲಸವನ್ನೇ ವೃತ್ತಿಯಾಗಿ ಮಾಡುವ ಒಂದು ದೊಡ್ಡ ಸಮುದಾಯವಿದೆ: ಮನೋವೈದ್ಯರು, ಮನಶ್ಶಾಸ್ತ್ರಜ್ಞರು, ದಾದಿಯರು, ಸಮಾಜ ಕಾರ್ಯಕರ್ತರು, ಸಹಾಯವಾಣಿಯ ಫೋನು ಹಿಡಿದು ಕೂತವರು. ಇವರಲ್ಲೊಂದು ವರ್ಗವನ್ನು ನಾವು ಕನ್ನಡದಲ್ಲಿ 'ಆಪ್ತ ಸಲಹೆಗಾರ'ರೆಂದು ಕರೆಯುತ್ತೇವೆ. ಹೆಸರಿನಲ್ಲಿಯೇ 'ಆಪ್ತ'ತನವನ್ನು ಸೇರಿಸಿಬಿಟ್ಟಿದ್ದೇವೆ. ದಿನಕ್ಕೆ ಹತ್ತು ಮಂದಿ ಅಪರಿಚಿತರಿಗೆ ಆಪ್ತನಾಗುವುದೆಂದರೆ ಏನೆಂಬುದನ್ನು ಮಾತ್ರ ಕೇಳಿಲ್ಲ.

ಬೆಂಗಳೂರಿನ ದಕ್ಷಿಣ ಭಾಗದಲ್ಲಿ ವಾಸಿಸುವ ನಮಗೆ ಈ ಜನ ದೂರದವರಲ್ಲ. ಜಯನಗರದಿಂದ ಹೊಸೂರು ರಸ್ತೆಯ ಕಡೆಗೆ ಸ್ವಲ್ಪ ದೂರ ಹೋದರೆ ನಿಮ್ಹಾನ್ಸ್ ಸಿಗುತ್ತದೆ. ಬೆಂಗಳೂರಿನಲ್ಲಿ ಹುಚ್ಚರ ಆಸ್ಪತ್ರೆಯೆಂದು ಒಂದು ಸಂಸ್ಥೆ ಹುಟ್ಟಿದ್ದು ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ. ೧೯೨೫ರಲ್ಲಿ ಮೈಸೂರು ಸರ್ಕಾರ ಅದರ ಹೆಸರನ್ನು ಮಾನಸಿಕ ಆಸ್ಪತ್ರೆಯೆಂದು ಬದಲಿಸಿತು. ೧೯೩೦ರ ದಶಕದಲ್ಲಿ ಅದು ಈಗಿನ ಸ್ಥಳಕ್ಕೆ ಬಂದಿತು. ೧೯೫೪ರಲ್ಲಿ ಡಾ. ಎಂ. ವಿ. ಗೋವಿಂದಸ್ವಾಮಿಯವರ ನೇತೃತ್ವದಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಅಲ್ಲಿ ಆರಂಭವಾಯಿತು; ೧೯೭೪ರಲ್ಲಿ ಆಸ್ಪತ್ರೆ ಮತ್ತು ಸಂಸ್ಥೆ ಎರಡೂ ಒಂದಾಗಿ ನಿಮ್ಹಾನ್ಸ್ ಆಯಿತು. ಆಸ್ಪತ್ರೆಯಿಂದ ಹೊರಬಂದವರು ಮನೆಗೆ ಹೋಗುವ ಮೊದಲು ಕೆಲಕಾಲ ಇರುವ ಮನೆಗಳು, ಆಪ್ತ ಸಲಹಾ ಕೇಂದ್ರಗಳು ಜಯನಗರ, ಬನಶಂಕರಿ, ಜೆ.ಪಿ. ನಗರಗಳ ಕಡೆಗೆ ಹಬ್ಬಿವೆ. ಬಾಗಿಲಿಗೆ ಸಣ್ಣದೊಂದು ಫಲಕ, ಒಳಗೆ ಎರಡು ಕುರ್ಚಿ, ನಡುವೆ ಕಾಗದದ ಕರವಸ್ತ್ರದ ಒಂದು ಡಬ್ಬಿ. ನಮ್ಮಲ್ಲಿ ಅನೇಕರ ಮನೆಯ ಹೆಣ್ಣುಮಕ್ಕಳು, ನಮ್ಮ ಕಾಲೇಜುಗಳಲ್ಲಿ ಓದಿದವರು, ಇಂದು ಆ ಎರಡು ಕುರ್ಚಿಗಳಲ್ಲಿ ಒಂದರ ಮೇಲೆ ಕುಳಿತಿದ್ದಾರೆ.

ಇವರಿಗೆ ಆಗುವುದೇನು? ಮನಶ್ಶಾಸ್ತ್ರದವರು ಇದಕ್ಕೆ ಹೆಸರು ಹುಡುಕಿದ್ದು ತೀರ ಇತ್ತೀಚೆಗೆ. ೧೯೭೪ರಲ್ಲಿ ಹರ್ಬರ್ಟ್ ಫ್ರಾಯ್ಡೆನ್‌ಬರ್ಗರ್ ಎಂಬ ಅಮೆರಿಕದ ವಿದ್ವಾಂಸರು ಸೇವಾವೃತ್ತಿಯವರ ಬತ್ತಿಹೋಗುವಿಕೆಯ ಬಗ್ಗೆ ಬರೆದರು. ಅದು ಮುಖ್ಯವಾಗಿ ಹೊರೆಯ ಮಾತು: ಎತ್ತಿನ ಮೇಲೆ ಹೆಚ್ಚು ಹೇರಿದರೆ ಎತ್ತು ಕುಸಿಯುತ್ತದೆ. ೧೯೯೦ರಲ್ಲಿ ಮೆಕ್ಯಾನ್ ಮತ್ತು ಪರ್ಲ್‌ಮನ್ ಎಂಬಿಬ್ಬರು, ೧೯೯೫ರಲ್ಲಿ ಚಾರ್ಲ್ಸ್ ಫಿಗ್ಲಿ, ಇದಕ್ಕಿಂತ ಬೇರೆಯಾದ ಇನ್ನೊಂದನ್ನು ಗುರುತಿಸಿದರು. ಪೆಟ್ಟು ತಿಂದವನ ಕಥೆಯನ್ನು ಮನಸ್ಸಿಟ್ಟು ಕೇಳಿದವನಿಗೂ ಪೆಟ್ಟಿನ ಗುರುತು ಬೀಳುತ್ತದೆ. ಅವನಿಗೆ ಬೇರೆಯವರ ಕನಸು ಬೀಳುತ್ತದೆ. ಬಾಗಿಲು ಬಡಿದರೆ ಬೆಚ್ಚುತ್ತಾನೆ. ಮಕ್ಕಳ ಮೇಲಿನ ಅತ್ಯಾಚಾರದ ವಿವರಗಳನ್ನು ಕೇಳಿದ ಸಲಹೆಗಾರ್ತಿ ತನ್ನ ಮಗುವನ್ನು ಪಕ್ಕದ ಮನೆಗೆ ಕಳುಹಿಸಲು ಹಿಂಜರಿಯುತ್ತಾಳೆ. ಲೋಕ ಒಟ್ಟಿನಲ್ಲಿ ಒಳ್ಳೆಯದು ಎಂಬ, ನಾವೆಲ್ಲ ಯೋಚಿಸದೆ ಇಟ್ಟುಕೊಂಡಿರುವ ನಂಬಿಕೆ ಅವಳಲ್ಲಿ ಸದ್ದಿಲ್ಲದೆ ಕರಗುತ್ತದೆ. ಇದು ಹೊರೆಯಿಂದ ಬಂದದ್ದಲ್ಲ, ಸಹಾನುಭೂತಿಯಿಂದ ಬಂದದ್ದು. ರಜೆ ತೆಗೆದುಕೊಂಡ ಮಾತ್ರಕ್ಕೆ ಹೋಗುವುದಲ್ಲ. ೨೦೧೩ರಲ್ಲಿ ಅಮೆರಿಕದ ಮನೋವೈದ್ಯರ ಸಂಘ ತನ್ನ ರೋಗನಿರ್ಣಯದ ಕೈಪಿಡಿಯನ್ನು ಪರಿಷ್ಕರಿಸಿದಾಗ, ಕರ್ತವ್ಯದ ಕಾರಣದಿಂದ ಘೋರ ವಿವರಗಳಿಗೆ ಮತ್ತೆ ಮತ್ತೆ ಈಡಾಗುವವರನ್ನೂ ಆಘಾತಕ್ಕೆ ಗುರಿಯಾದವರ ಲೆಕ್ಕದಲ್ಲಿ ಸೇರಿಸಿತು.

ಇದರಲ್ಲಿ ಸಾಹಿತ್ಯ ವಿಮರ್ಶಕನಿಗೇನು ಕೆಲಸ ಎಂದು ಕೇಳಬಹುದು. ಕೆಲಸವಿದೆ, ಏಕೆಂದರೆ ಬೇರೊಬ್ಬರ ದುಃಖವನ್ನು ನಾವು ಹೇಗೆ ತಾಳಿಕೊಳ್ಳುತ್ತೇವೆ ಎಂಬ ಪ್ರಶ್ನೆಯನ್ನು ಭಾರತೀಯ ಕಾವ್ಯಮೀಮಾಂಸೆಯಷ್ಟು ಸೂಕ್ಷ್ಮವಾಗಿ ಚರ್ಚಿಸಿದ ಶಾಸ್ತ್ರ ವಿರಳ. ಲೋಕದಲ್ಲಿ ಶೋಕ ದುಃಖವನ್ನು ಕೊಡುತ್ತದೆ. ನಾಟಕದಲ್ಲಿ ಅದೇ ಶೋಕ ಕರುಣರಸವಾಗಿ ಆಸ್ವಾದ್ಯವಾಗುತ್ತದೆ. ಇದು ಹೇಗೆ? ಭಟ್ಟನಾಯಕ ಇದಕ್ಕೆ ಸಾಧಾರಣೀಕರಣವೆಂಬ ಉತ್ತರ ಕೊಟ್ಟ: ರಂಗದ ಮೇಲಿನ ದುಃಖ ಇಂಥವನದೆಂಬ ಗುರುತನ್ನು ಕಳೆದುಕೊಂಡು ಎಲ್ಲರದೂ ಆಗುತ್ತದೆ, ಆದುದರಿಂದ ಯಾರನ್ನೂ ಸುಡುವುದಿಲ್ಲ. ಅಭಿನವಗುಪ್ತ ಇದನ್ನು ಇನ್ನೂ ಮುಂದಕ್ಕೆ ಒಯ್ದ. ತೀ. ನಂ. ಶ್ರೀಕಂಠಯ್ಯನವರ 'ಭಾರತೀಯ ಕಾವ್ಯಮೀಮಾಂಸೆ' ಕನ್ನಡಿಗರಿಗೆ ಈ ವಿಚಾರವನ್ನೆಲ್ಲ ತಿಳಿಯಾಗಿ ಒದಗಿಸಿಕೊಟ್ಟಿದೆ.

ಈ ಚರ್ಚೆಯಲ್ಲಿ ವಾಲ್ಮೀಕಿಯ ಪ್ರಸಂಗ ನಮಗೆ ಬಹಳ ಮುಖ್ಯ. ಬೇಡನ ಬಾಣಕ್ಕೆ ಕ್ರೌಂಚ ಬಿದ್ದಿತು. ಅದರ ಸಂಗಾತಿ ಚೀರಿತು. ಮುನಿಯ ಶೋಕ ಶ್ಲೋಕವಾಯಿತು ಎಂಬುದು ಎಲ್ಲರೂ ಬಲ್ಲ ಕಥೆ. ಆದರೆ 'ಧ್ವನ್ಯಾಲೋಕ'ದ ಮೇಲಿನ ವ್ಯಾಖ್ಯಾನದಲ್ಲಿ ಅಭಿನವಗುಪ್ತ ಒಂದು ಎಚ್ಚರಿಕೆ ಕೊಡುತ್ತಾನೆ: ಇದನ್ನು ಮುನಿಯ ಸ್ವಂತ ಶೋಕವೆಂದು ತಿಳಿಯಬಾರದು. ಅವನೇ ದುಃಖಿತನಾಗಿದ್ದರೆ ರಸವಾಗಲಿ ಕಾವ್ಯವಾಗಲಿ ಹುಟ್ಟುತ್ತಿರಲಿಲ್ಲ. ದುಃಖದಿಂದ ಬೆಂದವನು ಶ್ಲೋಕ ಕಟ್ಟುವುದಿಲ್ಲ. ಅಂದರೆ ಪರರ ನೋವು ನಮ್ಮ ಹೃದಯಕ್ಕೆ ಬಂದ ಮೇಲೆ ಅದಕ್ಕೆ ಎರಡು ದಾರಿಗಳಿವೆ. ಒಂದು, ಅದು ನಮ್ಮ ಸ್ವಂತ ನೋವಾಗಿ ನಮ್ಮನ್ನು ಸುಡುವ ದಾರಿ. ಇನ್ನೊಂದು, ಅದು ರೂಪ ಪಡೆದು, ಎಲ್ಲರಿಗೂ ಸಲ್ಲುವ ಅನುಭವವಾಗಿ ಬದಲಾಗುವ ದಾರಿ. ಸಾವಿರ ವರ್ಷಗಳ ಹಿಂದೆ ಕಾಶ್ಮೀರದಲ್ಲಿ ಗೆರೆ ಎಳೆದು ತೋರಿಸಿದ ಈ ಭೇದವೇ ಇಂದಿನ ಆಪ್ತ ಸಲಹೆಗಾರನ ಸಂಕಟದ ಮರ್ಮವೆಂದು ನನಗೆ ತೋರುತ್ತದೆ.

ನಾಟಕ ನೋಡುವ ಸಹೃದಯನಿಗೆ ಮೂರು ರಕ್ಷೆಗಳುಂಟು. ಮೊದಲನೆಯದು, ಎದುರಿಗಿರುವ ದುಃಖ ಸಾಧಾರಣೀಕೃತವಾದದ್ದು. ಅಳುತ್ತಿರುವವನು ನಟ ಎಂಬ ಅರಿವು ಎಲ್ಲೋ ಒಂದು ಕಡೆ ಇದ್ದೇ ಇರುತ್ತದೆ. ಎರಡನೆಯದು, ಅದಕ್ಕೆ ಕೊನೆಯುಂಟು. ಪರದೆ ಬೀಳುತ್ತದೆ, ಭರತವಾಕ್ಯವಾಗುತ್ತದೆ, ಜನ ಮನೆಗೆ ಹೋಗುತ್ತಾರೆ. ಮೂರನೆಯದು, ಅವನು ಒಬ್ಬನಲ್ಲ. ಪಕ್ಕದಲ್ಲಿ ಸಭೆಯಿದೆ, ನೂರು ಮಂದಿಯ ಕಣ್ಣಿನಲ್ಲಿಯೂ ಅದೇ ನೀರಿದೆ. ಆಪ್ತ ಸಲಹೆಗಾರನಿಗೆ ಈ ಮೂರೂ ಇಲ್ಲ. ಅವನ ಎದುರಿಗೆ ಕುಳಿತವಳು ಸೀತೆಯ ಪಾತ್ರಧಾರಿಯಲ್ಲ. ಬನಶಂಕರಿಯ ಬಸ್ಸು ಹಿಡಿದು ಬಂದ, ಕೈಯಲ್ಲಿ ಸುಟ್ಟ ಗುರುತಿರುವ ಹೆಂಗಸು. ಅವಳ ಕಥೆ ಇವತ್ತು ಮುಗಿಯುವುದಿಲ್ಲ. ಮುಂದಿನ ವಾರ ಬರುತ್ತಾಳೋ ಇಲ್ಲವೋ, ಬಾರದಿದ್ದರೆ ಏನಾಯಿತೋ, ತಿಳಿಯುವ ಉಪಾಯವೂ ಇಲ್ಲ. ಮತ್ತು ಅವನು ಒಬ್ಬನೇ ಕೇಳುತ್ತಾನೆ. ಕೇಳಿದ್ದನ್ನು ಮನೆಯಲ್ಲಿ ಹೆಂಡತಿಯೊಡನೆ ಆಡುವಂತಿಲ್ಲ. ರೋಗಿಯ ಗುಟ್ಟನ್ನು ಕಾಪಾಡುವುದು ವೃತ್ತಿಯ ಧರ್ಮ. ೨೦೧೭ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ ಅದನ್ನು ರೋಗಿಯ ಹಕ್ಕನ್ನಾಗಿಯೂ ಮಾಡಿದೆ. ಅದು ಸರಿಯಾದದ್ದೇ. ಆದರೆ ಆ ಗುಟ್ಟಿನ ಭಾರ ಬೀಳುವುದು ಒಂದು ಎದೆಯ ಮೇಲೆ.

ಸಹೃದಯತೆಯನ್ನು ನಮ್ಮ ಶಾಸ್ತ್ರ ಗುಣವೆಂದು ಕೊಂಡಾಡಿತು. ರಂಗಮಂದಿರದ ರಕ್ಷೆಯಿಲ್ಲದ ಸಹೃದಯತೆ ಅಪಾಯಕರವೆಂಬುದನ್ನು ಹೇಳುವ ಸಂದರ್ಭ ಅದಕ್ಕೆ ಬಂದಿರಲಿಲ್ಲ. ನಮಗೆ ಬಂದಿದೆ.

ಇನ್ನು ಆಧುನಿಕ ಸಾಹಿತ್ಯ ಮತ್ತು ಚಲನಚಿತ್ರ ಈ ವಿಷಯದಲ್ಲಿ ಏನು ಮಾಡಿವೆ ಎಂಬುದನ್ನು ನೋಡಬಹುದು. ಕನ್ನಡದಲ್ಲಿ ಮನೋರೋಗವನ್ನು ಮರ್ಯಾದೆಯಿಂದ ನೋಡಲು ಕಲಿಸಿದವರಲ್ಲಿ ತ್ರಿವೇಣಿಯವರ ಹೆಸರು ಮೊದಲು ಬರಬೇಕು. ಮನಶ್ಶಾಸ್ತ್ರವನ್ನು ಓದಿದ್ದ ಅವರು ೧೯೬೩ರಲ್ಲಿ ಚಿಕ್ಕ ವಯಸ್ಸಿನಲ್ಲಿಯೇ ತೀರಿಕೊಂಡರು. 'ಶರಪಂಜರ'ದ ಕಾವೇರಿ ಹೆರಿಗೆಯ ನಂತರ ಬುದ್ಧಿ ಕೆಟ್ಟು, ಆಸ್ಪತ್ರೆಯಲ್ಲಿ ಗುಣವಾಗಿ, ಮನೆಗೆ ಬರುತ್ತಾಳೆ. ಮನೆ ಅವಳನ್ನು ಗುಣವಾದವಳೆಂದು ನಂಬುವುದಿಲ್ಲ. ಗಂಡನ ಮನಸ್ಸು ಬೇರೆ ಕಡೆಗೆ ತಿರುಗಿದೆ. ಆ ಸಂಶಯವೇ ಅವಳನ್ನು ಮತ್ತೆ ಆಸ್ಪತ್ರೆಯತ್ತ ನೂಕುತ್ತದೆ. ರೋಗಕ್ಕಿಂತ ರೋಗದ ಅಪಕೀರ್ತಿ ಹೆಚ್ಚು ಕ್ರೂರವಾದದ್ದು ಎಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳಿದ ಕನ್ನಡ ಕಾದಂಬರಿ ಅಪರೂಪ. ೧೯೭೧ರಲ್ಲಿ ಪುಟ್ಟಣ್ಣ ಕಣಗಾಲರು ಇದನ್ನು ಚಿತ್ರವಾಗಿಸಿದಾಗ ಕಲ್ಪನಾ ಅವರ ಅಭಿನಯದಿಂದ ಕಾವೇರಿ ನಾಡಿನ ಮನೆಮಾತಾದಳು.

ಕಾದಂಬರಿಯ ಕೇಂದ್ರ ಕಾವೇರಿ, ಹಾಗಿರಬೇಕಾದದ್ದೇ ನ್ಯಾಯ. ಆದರೂ ಓದಿ ಮುಗಿಸಿದ ಮೇಲೆ ಒಂದು ಯೋಚನೆ ಉಳಿಯುತ್ತದೆ. ಕಷ್ಟಪಟ್ಟು ಗುಣಪಡಿಸಿ, ಹಸನ್ಮುಖಿಯಾಗಿ ಕಳುಹಿಸಿದ ಹೆಣ್ಣನ್ನು ಆಸ್ಪತ್ರೆಯವರು ಮತ್ತೆ ಬಾಗಿಲಲ್ಲಿ ಕಂಡಾಗ ಅವರ ಮನಸ್ಸಿಗೆ ಏನಾಯಿತು? ತಮ್ಮ ಔಷಧ ಸೋಲಲಿಲ್ಲ, ಮನೆ ಸೋತಿತು ಎಂದು ಅವರು ಬಲ್ಲರು. ಮನೆಯ ಮೇಲೆ ಅವರಿಗೆ ಅಧಿಕಾರವಿಲ್ಲ. ನಾಳೆ ಇವಳನ್ನು ಮತ್ತೆ ಗುಣಪಡಿಸಿ ಮತ್ತೆ ಅದೇ ಮನೆಗೆ ಕಳುಹಿಸಬೇಕು. ಘೋರ ಕಥೆಯನ್ನು ಕೇಳಿದ್ದರಿಂದಲ್ಲ, ತನ್ನ ಕೆಲಸ ಪುನಃ ಪುನಃ ನೀರಿನಲ್ಲಿ ಹೋಮವಾಗುವುದನ್ನು ನೋಡಿದ್ದರಿಂದ ಬರುವ ಈ ಆಯಾಸ ಇಂದಿಗೂ ಮನೋವೈದ್ಯಕೀಯದಲ್ಲಿರುವವರ ನಿತ್ಯದ ಅನುಭವ. ಕನ್ನಡದಲ್ಲಿ ಅದರ ಕಾದಂಬರಿ ಇನ್ನೂ ಬರೆಯಬೇಕಾಗಿದೆ.

ಮುಂದೆ ೧೯೮೨ರಲ್ಲಿ ಪುಟ್ಟಣ್ಣನವರೇ ವೈದ್ಯನ ಕಡೆಗೆ ಕ್ಯಾಮೆರಾ ತಿರುಗಿಸಿದರು. 'ಮಾನಸ ಸರೋವರ'ದಲ್ಲಿ ಮನೋವೈದ್ಯ ಆನಂದ, ಬುದ್ಧಿಭ್ರಮಣೆಯಾದ ವಾಸಂತಿಯನ್ನು ಕರೆತಂದು ಗುಣಪಡಿಸುತ್ತಾನೆ, ಗುಣಪಡಿಸುತ್ತ ಪ್ರೀತಿಸುತ್ತಾನೆ, ಗುಣವಾದವಳು ಬೇರೊಬ್ಬ ತರುಣನಿಗೆ ಒಲಿಯುತ್ತಾಳೆ, ವೈದ್ಯ ಹುಚ್ಚನಾಗುತ್ತಾನೆ. ಶ್ರೀನಾಥರ ಅಭಿನಯ, ಪದ್ಮಾ ವಾಸಂತಿಯವರ ಅಭಿನಯ, ವಿಜಯಭಾಸ್ಕರರ ಸಂಗೀತ, ಇವುಗಳಿಂದ ಆ ಚಿತ್ರ ಜನರ ಮನಸ್ಸಿನಲ್ಲಿ ಈಗಲೂ ಇದೆ. ಜಯನಗರದ ನಾಲ್ಕನೆಯ ಬ್ಲಾಕಿನಲ್ಲಿ ಪುಟ್ಟಣ್ಣನವರ ಹೆಸರಿನ ಚಿತ್ರಮಂದಿರವೇ ಇತ್ತು. ಚಿತ್ರಮಂದಿರ ಹೋದರೂ ಆ ಚಿತ್ರ ಉಳಿಯಿತು.

ಚಿತ್ರದ ಶಕ್ತಿಯನ್ನು ಒಪ್ಪಿಯೇ ಅದರ ಮೇಲೆ ಒಂದು ತಕರಾರು ಹೂಡಬೇಕಾಗಿದೆ. ವೈದ್ಯನೂ ಮುರಿಯಬಲ್ಲನೆಂದು ಕನ್ನಡದ ಪ್ರೇಕ್ಷಕರಿಗೆ ಮನಗಾಣಿಸಿದ ಚಿತ್ರ ಇದು. ಆದರೆ ಅವನು ಮುರಿದದ್ದು ಏತಕ್ಕೆ? ಕೇಳಿದ್ದಕ್ಕಲ್ಲ, ಪ್ರೀತಿಸಿದ್ದಕ್ಕೆ. ಕೆಲಸದಿಂದಲ್ಲ, ನಿರಾಶ ಪ್ರಣಯದಿಂದ. ವೈದ್ಯನ ವ್ಯಥೆಗೆ ಪ್ರೇಮಭಂಗದ ಕಾರಣ ಕೊಟ್ಟ ಕೂಡಲೇ ಆ ವ್ಯಥೆ ಯಾವ ಉಪಾಧ್ಯಾಯನಿಗೂ, ಯಾವ ಗುಮಾಸ್ತನಿಗೂ ಬರಬಹುದಾದದ್ದಾಗಿ, ಅವನ ವೃತ್ತಿ ನೆಪಮಾತ್ರವಾಗಿಬಿಡುತ್ತದೆ. ಅಷ್ಟೇ ಅಲ್ಲ, ಅದು ಅವನ ವೈಯಕ್ತಿಕ ದೌರ್ಬಲ್ಯವಾಗಿಯೂ ಕಾಣುತ್ತದೆ: ರೋಗಿಯನ್ನು ಪ್ರೀತಿಸಬಾರದಿತ್ತು, ಪ್ರೀತಿಸಿದ, ಅನುಭವಿಸಿದ. ಪ್ರೇಕ್ಷಕ ಮರುಗುತ್ತಾನೆ, ಜೊತೆಗೆ ತೀರ್ಪನ್ನೂ ಕೊಡುತ್ತಾನೆ. ಯಾವ ತಪ್ಪನ್ನೂ ಮಾಡದೆ, ಎಲ್ಲೆ ದಾಟದೆ, ತನ್ನ ಕೆಲಸವನ್ನು ಚೆನ್ನಾಗಿ ಮಾಡಿದ್ದರಿಂದಲೇ ಮುರಿಯುವವನ ಕಥೆಗೆ ಇಲ್ಲಿ ಜಾಗವಿಲ್ಲದಾಯಿತು.

ಈ ದೃಷ್ಟಿಯಿಂದ ಅಸಿತ್ ಸೇನರ 'ಖಾಮೋಷಿ' ಹೋಲಿಕೆಗೆ ಯೋಗ್ಯವಾದದ್ದು. ಆಶುತೋಷ ಮುಖೋಪಾಧ್ಯಾಯರ ಕಥೆಯನ್ನು ಅವರು ೧೯೫೯ರಲ್ಲಿ ಬಂಗಾಳಿಯಲ್ಲಿಯೂ ೧೯೭೦ರಲ್ಲಿ ಹಿಂದಿಯಲ್ಲಿಯೂ ತೆರೆಗೆ ತಂದರು. ಮನೋರೋಗಿಗಳಿಗೆ ಪ್ರೀತಿಯ ನಟನೆಯಿಂದ ಚಿಕಿತ್ಸೆ ಮಾಡುವಂತೆ ಆಸ್ಪತ್ರೆಯ ಹಿರಿಯ ವೈದ್ಯ ದಾದಿ ರಾಧೆಗೆ ಹೇಳುತ್ತಾನೆ. ಮೊದಲನೆಯವನು ಗುಣವಾಗಿ ಹೋಗುತ್ತಾನೆ, ಅವಳ ಮನಸ್ಸನ್ನು ತೆಗೆದುಕೊಂಡು ಹೋಗುತ್ತಾನೆ. ಎರಡನೆಯವನನ್ನೂ ಹಾಗೆಯೇ ಗುಣಪಡಿಸು ಎನ್ನುತ್ತಾರೆ. ಆ ರೋಗಿಯೂ ಗುಣವಾಗುತ್ತಾನೆ. ರಾಧೆ ಅದೇ ಆಸ್ಪತ್ರೆಯ ರೋಗಿಯಾಗುತ್ತಾಳೆ. ಇಲ್ಲಿಯೂ ಪ್ರೇಮವೇ ಕಾರಣವಾಗಿದೆ ನಿಜ. ಆದರೆ ಪ್ರೇಮ ಇಲ್ಲಿ ಉದ್ಯೋಗದ ಭಾಗವಾಗಿದೆ, ಮೇಲಿನವರ ಆಜ್ಞೆಯಾಗಿದೆ. ಮೊದಲ ಗಾಯ ಆರುವ ಮೊದಲೇ ಎರಡನೆಯ ರೋಗಿಯನ್ನು ಅವಳ ಕೈಗೆ ಕೊಟ್ಟದ್ದು ಸಂಸ್ಥೆ. ವಹೀದಾ ರೆಹಮಾನರ ಮುಖದಲ್ಲಿ ನಾವು ನೋಡುವುದು ಪ್ರೇಮಿಯ ನಿರಾಶೆಯನ್ನಷ್ಟೇ ಅಲ್ಲ, ದುಡಿಸಿಕೊಂಡ ಹೃದಯದ ದಣಿವನ್ನು. 'ಮಾನಸ ಸರೋವರ' ವ್ಯಕ್ತಿಯ ದುರಂತ; 'ಖಾಮೋಷಿ' ವ್ಯವಸ್ಥೆಯ ದುರಂತ. ನಮ್ಮ ಪ್ರಶ್ನೆಗೆ ಎರಡನೆಯದು ಹೆಚ್ಚು ಹತ್ತಿರ.

ಇನ್ನೂ ಹಿಂದಕ್ಕೆ ಹೋದರೆ ಚೆಕಾಫನ '೬ನೆಯ ವಾರ್ಡು' ಸಿಗುತ್ತದೆ, ೧೮೯೨ರ ಕಥೆ. ಅಲ್ಲಿಯ ಡಾಕ್ಟರ್ ರಾಗಿನ್ ಆರಂಭದಲ್ಲಿ ಶ್ರದ್ಧೆಯಿಂದ ದುಡಿದವನು. ರೋಗಿಗಳ ಹೊಳೆ ನಿಲ್ಲದು, ಆಸ್ಪತ್ರೆಯ ಕೊಳಕು ಹೋಗದು. ಕ್ರಮೇಣ ಅವನು ಕೈಚೆಲ್ಲಿ, ಪುಸ್ತಕ ಹಿಡಿದು ಕುಳಿತು, ನೋವೆಂಬುದು ಮನಸ್ಸಿನ ಕಲ್ಪನೆಯೆಂದೂ ಜ್ಞಾನಿಗೆ ಸೆರೆಮನೆಯೂ ಅಧ್ಯಯನದ ಕೋಣೆಯೂ ಒಂದೇ ಎಂದೂ ತತ್ವ ಹೇಳತೊಡಗುತ್ತಾನೆ. ಕೊನೆಗೆ ಅವನನ್ನೇ ಆ ವಾರ್ಡಿನಲ್ಲಿ ಕೂಡಿಹಾಕಿ ಕಾವಲುಗಾರ ಹೊಡೆದಾಗ, ಇಷ್ಟು ವರ್ಷ ಈ ಜನ ಈ ನೋವನ್ನೇ ಉಣ್ಣುತ್ತಿದ್ದರೆಂಬ ಅರಿವು ಅವನಿಗೆ ಮಿಂಚಿನಂತೆ ಹೊಳೆಯುತ್ತದೆ. ಮರುದಿನ ಸಾಯುತ್ತಾನೆ.

ಈ ಕಥೆಯನ್ನು ಸಾಮಾನ್ಯವಾಗಿ ರಷ್ಯಾದ ಅಂದಿನ ವ್ಯವಸ್ಥೆಯ ವಿಡಂಬನೆಯೆಂದು ಓದುತ್ತಾರೆ. ಅದು ಹೌದು. ಆದರೆ ಚೆಕಾಫ್ ಸ್ವತಃ ವೈದ್ಯ. ಪರರ ನೋವಿಗೆ ಈಡಾದವನು ಎರಡು ರೀತಿಯಲ್ಲಿ ಕೆಡಬಹುದೆಂಬುದು ಅವನಿಗೆ ಗೊತ್ತು: ಒಂದು ಕರಗುವುದು, ಇನ್ನೊಂದು ಹೆಪ್ಪುಗಟ್ಟುವುದು. ರಾಗಿನ್ ಹೆಪ್ಪುಗಟ್ಟಿದವನು. ಹೊರಗಿನಿಂದ ನೋಡಿದರೆ ಅವನಿಗೆ ಏನೂ ಆಗಿಲ್ಲ, ಶಾಂತನಾಗಿದ್ದಾನೆ, ಸೌಜನ್ಯವಂತನಾಗಿದ್ದಾನೆ. ಅವನ ಶಾಂತಿಯೇ ಅವನ ರೋಗ.

ಇದನ್ನು ಹೇಳಲು ಕಾರಣವುಂಟು. ಸಂತೈಸುವವರ ಸಂಕಟದ ಮಾತು ಎತ್ತಿದರೆ ನಮ್ಮಲ್ಲಿ ಬರುವ ಮೊದಲ ಉತ್ತರ, ಅಂಥವರು ಸ್ಥಿತಪ್ರಜ್ಞರಾಗಿರಬೇಕು, ತಾವರೆ ಎಲೆಯ ಮೇಲಿನ ನೀರಿನಂತಿರಬೇಕು ಎಂಬುದು. ಎರಡನೆಯ ಉತ್ತರ, ಸಂಬಳ ತೆಗೆದುಕೊಳ್ಳುತ್ತಾರಲ್ಲ ಎಂಬುದು. ಎರಡನೆಯದಕ್ಕೆ ಉತ್ತರ ಸುಲಭ: ಗಣಿಯಲ್ಲಿ ದುಡಿಯುವವನಿಗೂ ಸಂಬಳವಿದೆ, ಹಾಗೆಂದು ಅವನ ಶ್ವಾಸಕೋಶಕ್ಕೆ ಧೂಳು ಅಂಟುವುದಿಲ್ಲವೆಂದು ಯಾರೂ ಹೇಳುವುದಿಲ್ಲ. ಮೊದಲನೆಯದು ಹೆಚ್ಚು ಗಂಭೀರವಾದದ್ದು. ಸ್ಥಿತಪ್ರಜ್ಞತೆ ದೊಡ್ಡ ಸಿದ್ಧಿ. ಅದನ್ನು ಅಲ್ಲಗಳೆಯುವ ಮಾತಿಲ್ಲ. ಆದರೆ ಇಪ್ಪತ್ತೈದು ವರ್ಷದ ಹುಡುಗಿ ಎಂ.ಎ. ಮುಗಿಸಿ ಸಹಾಯವಾಣಿಯ ಕುರ್ಚಿಯಲ್ಲಿ ಕುಳಿತ ಮೊದಲ ವಾರದಲ್ಲಿಯೇ ಅದನ್ನು ಅವಳಿಂದ ಕೇಳುವುದು ನ್ಯಾಯವೇ? ಮೇಲಾಗಿ, ಸಿದ್ಧಿಯಿಂದ ಬಾರದೆ ದಣಿವಿನಿಂದ ಬಂದ ನಿರ್ಲಿಪ್ತತೆ ರಾಗಿನ್ನನ ನಿರ್ಲಿಪ್ತತೆ. ಕಮಲಪತ್ರವೆಂದು ನಾವು ಮೆಚ್ಚಿಕೊಂಡದ್ದು ಒಣಗಿದ ಎಲೆಯೂ ಆಗಿರಬಹುದು. ಅದರ ನಷ್ಟವನ್ನು ಮೊದಲು ಉಣ್ಣುವವನು ಎದುರಿಗೆ ಬಂದು ಕುಳಿತ ರೋಗಿ.

ಕನ್ನಡದಲ್ಲಿ ಮನಸ್ಸಿನ ಆರೋಗ್ಯದ ಗದ್ಯ ಬಡವಾಗಿಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. 'ರಾಶಿ' ಎಂದು ಹೆಸರಾದ ಡಾ. ಎಂ. ಶಿವರಾಂ ಅವರ 'ಮನಮಂಥನ'ಕ್ಕೆ ೧೯೭೬ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಮನೋವೈದ್ಯಕೀಯದ ಪುಸ್ತಕವೊಂದು ಸಾಹಿತ್ಯವೆಂದು ಮನ್ನಣೆ ಪಡೆದದ್ದು ನಮ್ಮ ಭಾಷೆಗೆ ಹೆಮ್ಮೆಯ ಸಂಗತಿ. ಅದೇ ಶಿವರಾಂ ೧೯೪೨ರಲ್ಲಿ 'ಕೊರವಂಜಿ'ಯನ್ನು ಆರಂಭಿಸಿ ಇಪ್ಪತ್ತೈದು ವರ್ಷ ನಾಡನ್ನು ನಗಿಸಿದವರು. ಹಗಲು ರೋಗಿಗಳ ನೋವು ಕೇಳಿದ ಕಿವಿಗೂ ನಗೆಬರಹ ಬರೆದ ಕೈಗೂ ಸಂಬಂಧವಿದ್ದಿರಬೇಕೆಂದು ಊಹಿಸುವುದು ಓದುಗನ ಸ್ವಾತಂತ್ರ್ಯ. ನಂತರದ ತಲೆಮಾರಿನಲ್ಲಿ ನಿಮ್ಹಾನ್ಸ್‌ನಲ್ಲಿದ್ದ ಡಾ. ಸಿ. ಆರ್. ಚಂದ್ರಶೇಖರ್ ಸರಳವಾದ ಕನ್ನಡದಲ್ಲಿ ನೂರಾರು ಪುಸ್ತಕಗಳನ್ನು ಬರೆದು ಭಯವನ್ನೂ ಮೂಢನಂಬಿಕೆಯನ್ನೂ ದೂರ ಮಾಡಲು ಶ್ರಮಿಸಿದ್ದಾರೆ. ಈ ಬರವಣಿಗೆಯೆಲ್ಲ ಹೆಚ್ಚಾಗಿ ರೋಗಿಗೆ ಮತ್ತು ಅವನ ಮನೆಯವರಿಗೆ ಹೇಳಿದ್ದು. ಹೇಳಬೇಕಾದದ್ದೇ. ಆದರೆ ಕೇಳುವವನು ತನ್ನ ಅನುಭವವನ್ನು ತಾನೇ ಹೇಳಿಕೊಂಡ ಕನ್ನಡ ಬರಹವನ್ನು ಹುಡುಕಿದರೆ ಕೈಗೆ ಸಿಗುವುದು ಅತ್ಯಲ್ಪ.

ಇದು ಸಣ್ಣ ಕೊರತೆಯಲ್ಲ. ೧೯೮೧ರ ಫೆಬ್ರವರಿ ೭ರಂದು ಬೆಂಗಳೂರಿನಲ್ಲಿ ವೀನಸ್ ಸರ್ಕಸ್ಸಿನ ಡೇರೆಗೆ ಬೆಂಕಿ ಬಿದ್ದು ೯೨ ಮಂದಿ ಸತ್ತರು, ಬಹುಪಾಲು ಮಕ್ಕಳು. ಸತ್ತವರ ಲೆಕ್ಕ ನಮ್ಮಲ್ಲಿ ಉಳಿದಿದೆ, ಬಂಧುಗಳನ್ನು ಕಳೆದುಕೊಂಡವರ ದುಃಖದ ಬಗ್ಗೆ ಅಧ್ಯಯನವೂ ನಡೆಯಿತು. ಆದರೆ ಆ ತಾಯಿತಂದೆಯರ ಎದುರಿಗೆ ಕುಳಿತು, ಒಂದಾದ ಮೇಲೊಂದರಂತೆ ಆ ಮಾತುಗಳನ್ನು ಬರೆದುಕೊಂಡವರು ಸಂಜೆ ಮನೆಗೆ ಹೋಗಿ ತಮ್ಮ ಮಕ್ಕಳ ಮುಖವನ್ನು ಹೇಗೆ ನೋಡಿದರು? ೨೦೨೦ರ ಸೋಂಕಿನ ಕಾಲದಲ್ಲಿ ಸಹಾಯವಾಣಿಗಳಲ್ಲಿ ಕುಳಿತವರಿಗೆ ಏನಾಯಿತು? ೨೦೨೨ರ ಅಕ್ಟೋಬರಿನಲ್ಲಿ ಆರಂಭವಾದ ೧೪೪೧೬ ಸಂಖ್ಯೆಯ 'ಟೆಲಿ ಮಾನಸ್' ಸಹಾಯವಾಣಿಗೆ ೨೦೨೫ರ ಹೊತ್ತಿಗೆ ಬಂದ ಕರೆಗಳು ೨೦ ಲಕ್ಷವನ್ನು ದಾಟಿದ್ದವು. ಅದರ ಕೇಂದ್ರಸಂಸ್ಥೆ ನಮ್ಮ ನಿಮ್ಹಾನ್ಸ್. ೨೦ ಲಕ್ಷ ಕರೆಗಳೆಂದರೆ ೨೦ ಲಕ್ಷ ಸಲ ಒಬ್ಬರು ಆ ತುದಿಯಲ್ಲಿ ಕೇಳಿದರೆಂದು ಅರ್ಥ. ೨೦೧೫-೧೬ರ ರಾಷ್ಟ್ರೀಯ ಸಮೀಕ್ಷೆ ದೇಶದಲ್ಲಿ ಸುಮಾರು ೧೫ ಕೋಟಿ ಜನರಿಗೆ ಮಾನಸಿಕ ಆರೈಕೆ ಬೇಕಾಗಿದೆಯೆಂದು ಹೇಳಿತು. ಆರೈಕೆ ಮಾಡುವವರು ಕೆಲವು ಸಾವಿರ ಮಂದಿ. ಅವರು ಒಬ್ಬೊಬ್ಬರಾಗಿ ವೃತ್ತಿ ಬಿಟ್ಟರೆ, ಅಥವಾ ಬಿಡದೆ ಒಳಗೇ ಹೆಪ್ಪುಗಟ್ಟಿದರೆ, ಆ ಕುರ್ಚಿ ಖಾಲಿಯಾದಂತೆಯೇ.

ಪರಿಹಾರವನ್ನು ಬಲ್ಲವರು ಹೇಳುತ್ತಾರೆ. ಒಬ್ಬನಿಗೇ ಘೋರ ಪ್ರಕರಣಗಳನ್ನೆಲ್ಲ ಒಪ್ಪಿಸದೆ ಹಂಚಬೇಕು, ನಡುವೆ ಬಿಡುವು ಕೊಡಬೇಕು, ಕಿರಿಯರು ಹಿರಿಯರೊಬ್ಬರ ಬಳಿ ವಾರಕ್ಕೊಮ್ಮೆಯಾದರೂ ಕುಳಿತು ತಾವು ಕೇಳಿದ್ದನ್ನೂ ತಮಗಾದದ್ದನ್ನೂ ಹೇಳಿಕೊಳ್ಳುವ ಏರ್ಪಾಡಿರಬೇಕು, ಸಮಾನವೃತ್ತಿಯವರ ಕೂಟಗಳಿರಬೇಕು, ಹೀಗೆ ಹೇಳಿಕೊಂಡವರನ್ನು ದುರ್ಬಲರೆಂದು ಎಣಿಸಬಾರದು. ಯೋಗ ಮಾಡಿ, ಲಾಲ್‌ಬಾಗಿನಲ್ಲಿ ತಿರುಗಾಡಿ ಎಂಬ ಸಲಹೆ ಒಳ್ಳೆಯದೇ. ಆದರೆ ಭಾರ ಹೊರಿಸಿದ ಸಂಸ್ಥೆ ಭಾರ ಇಳಿಸುವ ಹೊಣೆಯನ್ನು ಪೂರ್ತಿಯಾಗಿ ಹೊತ್ತವನ ಮೇಲೆಯೇ ಹಾಕುವುದು 'ಖಾಮೋಷಿ'ಯ ಹಿರಿಯ ವೈದ್ಯ ಮಾಡಿದ ಕೆಲಸವನ್ನೇ ಮಾಡಿದಂತೆ.

ಈ ಏರ್ಪಾಡುಗಳನ್ನು ಕಾವ್ಯಮೀಮಾಂಸೆಯ ಕಣ್ಣಿನಿಂದ ನೋಡಿದರೆ ಒಂದು ಕುತೂಹಲದ ಸಂಗತಿ ಕಾಣುತ್ತದೆ. ಸಹೃದಯನಿಗಿದ್ದು ಸಲಹೆಗಾರನಿಗಿಲ್ಲದ ಮೂರು ರಕ್ಷೆಗಳನ್ನೇ ಇವು ಮರಳಿ ಒದಗಿಸುತ್ತವೆ. ಹಿರಿಯರ ಎದುರು ಹೆಸರು ಮರೆಸಿ ಪ್ರಕರಣವನ್ನು ನಿರೂಪಿಸುವಾಗ ಅದು ಸಾಧಾರಣೀಕರಣದ ಕಡೆಗೆ ಒಂದು ಹೆಜ್ಜೆ ಇಡುತ್ತದೆ. ಗಂಟೆ ಮುಗಿದಾಗ ಪರದೆ ಬೀಳುತ್ತದೆ. ಕೂಟದಲ್ಲಿ ಪುಟ್ಟದೊಂದು ಸಭೆ ದೊರೆಯುತ್ತದೆ. ನಮ್ಮ ಮಹಾಭಾರತದ ಕಟ್ಟಡವೇ ಹೀಗಿದೆಯಲ್ಲವೇ? ಕಂಡದ್ದನ್ನು ಸಂಜಯ ಧೃತರಾಷ್ಟ್ರನಿಗೆ ಹೇಳುತ್ತಾನೆ. ಆ ಕಥೆಯೆಲ್ಲವನ್ನೂ ವೈಶಂಪಾಯನ ಜನಮೇಜಯನಿಗೆ ಹೇಳುತ್ತಾನೆ. ಸೂತ ಅದನ್ನು ನೈಮಿಷಾರಣ್ಯದ ಋಷಿಗಳಿಗೆ ಹೇಳುತ್ತಾನೆ. ಅಷ್ಟು ಘೋರವಾದ ಕಥೆ ಒಬ್ಬರ ಎದೆಯಲ್ಲಿ ನಿಲ್ಲದೆ, ಕೈಯಿಂದ ಕೈಗೆ ಸಾಗಿ, ಪ್ರತಿ ಕೈಯಲ್ಲಿಯೂ ಸ್ವಲ್ಪ ಬಿಸಿ ಆರಿ, ನಮಗೆ ಕಾವ್ಯವಾಗಿ ತಲುಪಿದೆ.

ಆದುದರಿಂದ ಈ ವೃತ್ತಿಯಲ್ಲಿರುವ ಕನ್ನಡಿಗರು ಬರೆಯಬೇಕೆಂದು ಕೇಳುವುದು ಹೊಸ ವಸ್ತುವೊಂದು ಸಾಹಿತ್ಯಕ್ಕೆ ಸಿಗಲೆಂಬ ಆಸೆಯಿಂದ ಮಾತ್ರವಲ್ಲ. ಇದರಲ್ಲಿ ಅಪಾಯವೂ ಉಂಟು: ರೋಗಿಯ ಗುಟ್ಟು ಲೇಖಕನ ಸರಕಾಗಬಾರದು. ಕೇಳಿದ ಕಥೆಯನ್ನು ಬರೆಯುವುದು ವಿಶ್ವಾಸಘಾತ. ಕೇಳಿದವನ ಕಥೆಯನ್ನು ಬರೆಯುವುದು ಹಾಗಲ್ಲ. ರೋಗಿಯ ಒಂದು ವಿವರವನ್ನೂ ಹೊರಗೆಡಹದೆ, ಆ ಕುರ್ಚಿಯಲ್ಲಿ ಕುಳಿತ ಮನಸ್ಸಿನಲ್ಲಿ ನಡೆದದ್ದನ್ನು ಹೇಳಲು ಸಾಧ್ಯವಿದೆ. ಅದಕ್ಕೆ ಬೇಕಾದ ಸಂಯಮ ಆ ವೃತ್ತಿಯವರಲ್ಲಿ ಉಳಿದವರಿಗಿಂತ ಹೆಚ್ಚಾಗಿಯೇ ಇದೆ.

ಸಂಜಯನಿಗೆ ಕೊನೆಗೇನಾಯಿತು ಎಂಬುದನ್ನು ವ್ಯಾಸಭಾರತ ಹೇಳುತ್ತದೆ. ದುರ್ಯೋಧನ ಸತ್ತ ಮೇಲೆ ಅವನ ದಿವ್ಯದೃಷ್ಟಿ ಹೋಯಿತು. ಆದರೂ ಅವನು ಮುದುಕ ಅರಸನ ಕೈಬಿಡಲಿಲ್ಲ. ಕಾಡಿಗೂ ಜೊತೆಯಲ್ಲಿ ಹೋದ. ಕಾಡ್ಗಿಚ್ಚಿನಲ್ಲಿ ಧೃತರಾಷ್ಟ್ರ, ಗಾಂಧಾರಿ, ಕುಂತಿ ಮೂವರೂ ಸತ್ತಾಗ ಅವನೊಬ್ಬ ಉಳಿದುಕೊಂಡ. ಆಮೇಲೆ ಗಂಗೆಯ ದಡಕ್ಕೆ ಬಂದು, ಅಲ್ಲಿದ್ದ ತಪಸ್ವಿಗಳಿಗೆ ನಡೆದದ್ದನ್ನೆಲ್ಲ ಹೇಳಿ, ಹಿಮಾಲಯದ ಕಡೆಗೆ ಹೊರಟುಹೋದ. ತಪಸ್ವಿಗಳು ಅವನಿಗೆ ಏನು ಸಮಾಧಾನ ಹೇಳಿದರೋ ಕವಿ ಬರೆದಿಲ್ಲ. ಆದರೆ ಅವನು ಹೇಳಿದ ಹೊತ್ತಿಗೆ ಕೇಳುವವರು ಅಲ್ಲಿದ್ದರು. ನಮ್ಮ ಆಸ್ಪತ್ರೆಗಳೂ ಸಲಹಾ ಕೇಂದ್ರಗಳೂ ತಮ್ಮಲ್ಲಿ ದುಡಿಯುವವರಿಗೆ ಅಷ್ಟನ್ನು ಒದಗಿಸಬಲ್ಲವು. ಸಾಹಿತ್ಯವೂ ಒದಗಿಸಬಲ್ಲುದು.